ಲೈಬೀರಿಯಾ: ಯುದ್ಧ ನಿಂತು ಎರಡು ದಶಕ, ಲೆಕ್ಕ ಇನ್ನೂ ಬಾಕಿ

ಲೈಬೀರಿಯಾದ ಸುದ್ದಿ ನಮ್ಮ ಕಡೆ ಬರುವುದೇ ಅಪರೂಪ. 2025ರ ಜುಲೈನಲ್ಲಿ ಬಂತು. ಆಫ್ರಿಕಾದ ಐದು ದೇಶಗಳ ಅಧ್ಯಕ್ಷರು ಶ್ವೇತಭವನದಲ್ಲಿ ಊಟಕ್ಕೆ ಕೂತಿದ್ದರು. ಲೈಬೀರಿಯಾದ ಜೋಸೆಫ್ ಬೊವಾಕೈ ನಾಲ್ಕು ಮಾತು ಆಡಿ ಮುಗಿಸಿದ ಕೂಡಲೇ ಡೊನಾಲ್ಡ್ ಟ್ರಂಪ್ ಅವರ ಇಂಗ್ಲಿಷನ್ನು ಹೊಗಳಿ, ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಅಂತ ಕೇಳಿದರು. ಲೈಬೀರಿಯಾದ ಅಧಿಕೃತ ಭಾಷೆಯೇ ಇಂಗ್ಲಿಷ್. ಅಮೆರಿಕದಿಂದ ಹಡಗು ಹತ್ತಿ ಬಂದ ಕಪ್ಪು ಜನ ಸ್ಥಾಪಿಸಿದ ದೇಶ ಅದು. ವಿಡಿಯೋ ಎಲ್ಲ ಕಡೆ ಓಡಾಡಿತು, ಜನ ನಕ್ಕರು, ಮರೆತರು.

ಅದಕ್ಕೆ ಕೆಲವೇ ದಿನ ಮುಂಚೆ ಅದೇ ಬೊವಾಕೈ ರಾಜಧಾನಿ ಮನ್ರೋವಿಯಾದಲ್ಲಿ ನಿಂತು ಬೇರೆಯದೇ ಒಂದು ಕೆಲಸ ಮಾಡಿದ್ದರು. ಎರಡು ಅಂತರ್ಯುದ್ಧಗಳಲ್ಲಿ ಸತ್ತವರ ಮನೆಯವರ ಮುಂದೆ, ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದರು. ಆಸುಪಾಸಿನಲ್ಲೇ, 1980ರಲ್ಲಿ ಕೊಲೆಯಾದ ಅಧ್ಯಕ್ಷ ವಿಲಿಯಂ ಟೋಲ್ಬರ್ಟ್ ಅವರಿಗೂ, ಅವರನ್ನು ಉರುಳಿಸಿ ಗದ್ದುಗೆ ಏರಿ 1990ರಲ್ಲಿ ತಾನೇ ಕೊಲೆಯಾದ ಸ್ಯಾಮುಯೆಲ್ ಡೋಗೂ ಸರ್ಕಾರಿ ಗೌರವದೊಂದಿಗೆ ಮರು ಅಂತ್ಯಸಂಸ್ಕಾರ ನಡೆಯಿತು. ಕೊಂದವನಿಗೂ ಕೊಲೆಯಾದವನಿಗೂ ಒಂದೇ ಋತುವಿನಲ್ಲಿ ಮರ್ಯಾದೆ. ಇದು ಯಾವ ವಾಟ್ಸಾಪ್ ಗುಂಪಿಗೂ ಬರಲಿಲ್ಲ.

ಆದರೆ ಅಂತರ್ಯುದ್ಧದಿಂದ ಎದ್ದ ಆಫ್ರಿಕಾದ ದೇಶಗಳ ಬಗ್ಗೆ ಅಧ್ಯಯನ ಮಾಡುವವರಿಗೆ ಲೈಬೀರಿಯಾ ತುಂಬ ಮುಖ್ಯ. ಸಂಶೋಧಕರು ಇಷ್ಟು ಹತ್ತಿರದಿಂದ ಅಳೆದು ನೋಡಿದ ಶಾಂತಿ ಬೇರೆಲ್ಲೂ ಜಾಸ್ತಿ ಇಲ್ಲ. ಈಗ ಅಲ್ಲಿ ಎದ್ದಿರುವ ಪ್ರಶ್ನೆಯೂ ಸಣ್ಣದಲ್ಲ. ಯುದ್ಧಾಪರಾಧಗಳ ವಿಚಾರಣೆಗೆ ಕೋರ್ಟ್ ಬೇಕೇ? ಬೇಕು ಅನ್ನುವವರು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ. ಬೇಡ ಅನ್ನುವವರದ್ದು ಇಪ್ಪತ್ತು ವರ್ಷದಿಂದ ಒಂದೇ ಉತ್ತರ: ಹಳೆಯದನ್ನು ಕೆದಕಿದರೆ ಮತ್ತೆ ಬಂದೂಕು ಹೊರಗೆ ಬರುತ್ತದೆ. ಈ ಹೆದರಿಕೆಯಲ್ಲಿ ಎಷ್ಟು ಹುರುಳಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಕ್ಕಿಯಿಂದ ಶುರುವಾದದ್ದು

1820ರ ದಶಕದಿಂದ ಅಮೆರಿಕದ ಕಪ್ಪು ಜನ, ಅವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರೂ ಸೇರಿ, ಪಶ್ಚಿಮ ಆಫ್ರಿಕಾದ ಈ ಕರಾವಳಿಗೆ ಬಂದು ನೆಲೆಸಿದರು. 1847ರಲ್ಲಿ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡರು. ಬಂದವರು ಬೆರಳೆಣಿಕೆ, ಒಳನಾಡಿನಲ್ಲಿದ್ದವರು ಬಹುಪಾಲು. ಆದರೂ 1980ರ ತನಕ ಆಳಿದ್ದು ಬಂದವರ ಮನೆತನಗಳೇ. ಗುಲಾಮಗಿರಿಯ ಕಷ್ಟ ಕಂಡವರ ಮಕ್ಕಳು ಮೊಮ್ಮಕ್ಕಳೇ ಒಳನಾಡಿನವರನ್ನು ಎರಡನೇ ದರ್ಜೆಯವರಂತೆ ನೋಡಿದರು.

1979ರ ಏಪ್ರಿಲ್‌ನಲ್ಲಿ ಟೋಲ್ಬರ್ಟ್ ಸರ್ಕಾರ ಅಕ್ಕಿ ಬೆಲೆ ಏರಿಸಲು ಹೊರಟಿತು. ಅಲ್ಲಿಯವರಿಗೂ ನಮ್ಮಂತೆಯೇ ಅನ್ನ ಇಲ್ಲದ ಊಟ ಊಟವಲ್ಲ. ಜನ ಬೀದಿಗೆ ಇಳಿದರು. ಪೊಲೀಸರು ಗುಂಡು ಹಾರಿಸಿದರು, ಹತ್ತಾರು ಜನ ಸತ್ತರು. ಒಂದು ವರ್ಷದೊಳಗೆ ಸೇನೆಯ ಸಾರ್ಜೆಂಟ್ ಡೋ ರಾತ್ರೋರಾತ್ರಿ ಅಧ್ಯಕ್ಷರ ಮನೆಗೆ ನುಗ್ಗಿದ. ಟೋಲ್ಬರ್ಟ್ ಸತ್ತರು. ಹತ್ತು ದಿನದ ಮೇಲೆ 13 ಜನ ಹಿರಿಯ ಅಧಿಕಾರಿಗಳನ್ನು ಸಮುದ್ರದ ದಂಡೆಯಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಕ್ಯಾಮೆರಾಗಳು ನೋಡುತ್ತಿದ್ದವು.

ಅಕ್ಕಿಯ ರಾಜಕೀಯ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಲೈಬೀರಿಯಾ ಹೊರಗಿನಿಂದ ತರಿಸುವ ಅಕ್ಕಿಯಲ್ಲಿ ಹೆಚ್ಚಿನ ಪಾಲು ಭಾರತದ್ದು. 2023ರ ಜುಲೈನಲ್ಲಿ ದೆಹಲಿ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಮನ್ರೋವಿಯಾದಲ್ಲಿ ಆತಂಕ ಹುಟ್ಟಿತು. ಅದೇ ತಿಂಗಳು ಕರ್ನಾಟಕ ಸರ್ಕಾರ ಕೇಂದ್ರದಿಂದ ಅಕ್ಕಿ ಸಿಗದೆ ಅನ್ನಭಾಗ್ಯದ ಐದು ಕೆ.ಜಿ. ಬದಲಿಗೆ ತಲೆಗೆ 170 ರೂಪಾಯಿ ಹಾಕಿದ್ದು ನೆನಪಿದೆಯಲ್ಲ? ನಮಗೆ ಅದು ಕೇಂದ್ರ, ರಾಜ್ಯಗಳ ಜಗಳ. ಅಲ್ಲಿಯವರಿಗೆ 1979ರ ನೆನಪು.

ಡೋ ಕ್ರಾನ್ ಬುಡಕಟ್ಟಿನವನು. 1985ರಲ್ಲಿ ಅವನ ವಿರುದ್ಧ ದಂಗೆಗೆ ಯತ್ನ ನಡೆಯಿತು. ಅದಕ್ಕೆ ಸೇಡು ತೀರಿಸಿಕೊಳ್ಳಲು ಅವನ ಸೈನಿಕರು ನಿಂಬಾ ಜಿಲ್ಲೆಯ ಗಿಯೋ, ಮಾನೋ ಜನರ ಮೇಲೆ ಬಿದ್ದರು. 1989ರ ಕ್ರಿಸ್‌ಮಸ್‌ನ ಹಿಂದಿನ ದಿನ ಚಾರ್ಲ್ಸ್ ಟೇಲರ್ ಸಣ್ಣದೊಂದು ಪಡೆ ಕಟ್ಟಿಕೊಂಡು ಪಕ್ಕದ ಐವರಿ ಕೋಸ್ಟ್‌ನಿಂದ ಇದೇ ನಿಂಬಾಕ್ಕೆ ನುಗ್ಗಿದ. ಉರಿಯಲು ಅಲ್ಲಿ ಎಲ್ಲ ಸಿದ್ಧವಾಗಿತ್ತು.

ಮುಂದಿನ ಹದಿನಾಲ್ಕು ವರ್ಷವನ್ನು ಬೇಗ ದಾಟುತ್ತೇನೆ. 1990ರ ಜುಲೈ 29ರ ರಾತ್ರಿ ಮನ್ರೋವಿಯಾದ ಸೇಂಟ್ ಪೀಟರ್ಸ್ ಲುಥರನ್ ಚರ್ಚ್‌ನಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಡೋನ ಸೈನಿಕರು ಕೊಂದರು. ಸೆಪ್ಟೆಂಬರ್‌ನಲ್ಲಿ ಬಂಡುಕೋರ ನಾಯಕ ಪ್ರಿನ್ಸ್ ಜಾನ್ಸನ್ ಕೈಗೆ ಡೋ ಸಿಕ್ಕಿದ. ಜಾನ್ಸನ್ ಬಿಯರ್ ಕುಡಿಯುತ್ತಾ ಕೂತಿರುವಾಗ ಅವನ ಹುಡುಗರು ಡೋನ ಕಿವಿ ಕತ್ತರಿಸಿದರು. ವಿಡಿಯೋ ಮಾಡಿಸಿದ್ದರಿಂದ ಇದು ಇವತ್ತಿಗೂ ಉಳಿದಿದೆ. 1997ರ ಚುನಾವಣೆಯಲ್ಲಿ ಟೇಲರ್ ಮುಕ್ಕಾಲು ಪಾಲು ಮತ ಪಡೆದು ಗೆದ್ದ. 'ನಮ್ಮಮ್ಮನ್ನ ಕೊಂದ, ನಮ್ಮಪ್ಪನ್ನ ಕೊಂದ, ಆದ್ರೂ ಅವನಿಗೇ ನನ್ನ ಓಟು' ಅಂತ ಬೀದಿಯಲ್ಲಿ ಕೂಗುತ್ತಿದ್ದರು. ಹೊರಗಿನವರಿಗೆ ಇದು ಹುಚ್ಚಾಟ. ಅಲ್ಲಿದ್ದವರಿಗೆ ಸರಳ ಲೆಕ್ಕ: ಸೋತರೆ ಮತ್ತೆ ಕಾಡಿಗೆ ಹೋಗುತ್ತಾನೆ, ಗೆದ್ದರೆ ಸುಮ್ಮನಿರಬಹುದು. ಅವನು ಸುಮ್ಮನಿರಲಿಲ್ಲ. 1999ರಲ್ಲಿ ಎರಡನೇ ಯುದ್ಧ. 2003ರ ಹೊತ್ತಿಗೆ ಎರಡೂ ಯುದ್ಧ ಸೇರಿ ಸತ್ತವರು ಎರಡೂವರೆ ಲಕ್ಷದವರೆಗೆ ಅನ್ನುವ ಅಂದಾಜಿದೆ. ಯುದ್ಧಕ್ಕೆ ಮುಂಚೆ ಅಲ್ಲಿದ್ದದ್ದೇ ಇಪ್ಪತ್ತು, ಇಪ್ಪತ್ತೈದು ಲಕ್ಷ ಜನ.

ಒಪ್ಪಂದದಲ್ಲಿ ಬರೆಯದೆ ಬಿಟ್ಟದ್ದು

ಯುದ್ಧ ನಿಂತದ್ದು ಹೇಗೆ ಅಂತ ಕೇಳಿದರೆ ಸಾಮಾನ್ಯವಾಗಿ ಹೆಂಗಸರ ಕಥೆ ಬರುತ್ತದೆ. ಬರಲೇಬೇಕು. ಲೇಮಾ ಬೋವಿ ಮತ್ತು ಸಂಗಾತಿಗಳು, ಕ್ರೈಸ್ತರೂ ಮುಸ್ಲಿಮರೂ ಒಟ್ಟಾಗಿ, ಬಿಳಿ ಟಿ-ಶರ್ಟ್ ತೊಟ್ಟು ಮನ್ರೋವಿಯಾದ ಮೀನು ಮಾರುಕಟ್ಟೆಯ ಬಯಲಿನಲ್ಲಿ ದಿನಗಟ್ಟಲೆ ಮಳೆ ಬಿಸಿಲೆನ್ನದೆ ಕೂತರು. ಟೇಲರ್‌ನ ವಾಹನಗಳು ಹಾದುಹೋಗುವ ರಸ್ತೆಯ ಪಕ್ಕದಲ್ಲೇ ಆ ಬಯಲು. ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡತೊಡಗಿದಾಗ ಅಲ್ಲಿಗೂ ಹೋದರು. ಹೋಟೆಲಿನಲ್ಲಿ ಹಾಯಾಗಿದ್ದ ಬಂಡುಕೋರ ಪ್ರತಿನಿಧಿಗಳು ಹೊರಗೆ ಬಾರದಂತೆ ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಎಬ್ಬಿಸಲು ಬಂದಾಗ ಬಟ್ಟೆ ಬಿಚ್ಚುತ್ತೇನೆ ಅಂದರು ಬೋವಿ. ತಾಯಿ ವಯಸ್ಸಿನವಳು ಸಿಟ್ಟಿನಿಂದ ಬೆತ್ತಲಾದರೆ ನೋಡಿದವನಿಗೆ ಶಾಪ ತಟ್ಟುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ಗಾರ್ಡುಗಳು ಹಿಂದೆ ಸರಿದರು. 2003ರ ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. 2011ರಲ್ಲಿ ಬೋವಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆ ಒಪ್ಪಂದದ ಒಳಗೆ ಏನಿತ್ತು ಅನ್ನುವುದನ್ನು ಮಾತ್ರ ಜನ ಕಡಿಮೆ ಓದುತ್ತಾರೆ. ತಾತ್ಕಾಲಿಕ ಸರ್ಕಾರದ ಖಾತೆಗಳನ್ನು ಟೇಲರ್‌ನ ಹಳೆಯ ಸರ್ಕಾರ ಮತ್ತು ಎರಡು ಬಂಡುಕೋರ ಗುಂಪುಗಳಿಗೆ ತಲಾ ಐದರಂತೆ ಹಂಚಿದರು. ಶಾಸನ ಸಭೆಯಲ್ಲೂ ಪಾಲು ಕೊಟ್ಟರು. ಸತ್ಯ ಮತ್ತು ಸಾಮರಸ್ಯ ಆಯೋಗ ಮಾಡೋಣ ಅಂತ ಬರೆದರು. ವಿಚಾರಣೆ ನಡೆಸುವ ಕೋರ್ಟಿನ ಮಾತು ಇಲ್ಲ. ಬಂದೂಕು ಹಿಡಿದವನಿಗೆ ಕುರ್ಚಿ ಕೊಟ್ಟು ಶಾಂತಿ ಕೊಂಡ ವ್ಯವಹಾರ ಅದು. ಕಟುವಾಗಿ ಹೇಳಿದೆ ಅನ್ನಿಸಬಹುದು, ಆದರೆ ಆ ಆಗಸ್ಟ್‌ನಲ್ಲಿ ಮನ್ರೋವಿಯಾದ ಮೇಲೆ ಮಾರ್ಟರ್ ಶೆಲ್ಲುಗಳು ಬೀಳುತ್ತಿದ್ದವು. ಸಹಿ ಹಾಕಿದವರ ಮೇಲೆ ಇವತ್ತು ಕೂತು ತೀರ್ಪು ಕೊಡುವುದು ಸುಲಭ.

ಆಯೋಗವೇನೋ ಕೆಲಸ ಮಾಡಿತು, ಸಾವಿರಾರು ಹೇಳಿಕೆ ಪಡೆಯಿತು. 2009ರಲ್ಲಿ ಕೊಟ್ಟ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಯುದ್ಧಾಪರಾಧಗಳಿಗೆ ವಿಶೇಷ ಕೋರ್ಟ್ ಬೇಕು ಅಂದಿತು. ಅಷ್ಟೇ ಅಲ್ಲ, ಶುರುವಿನಲ್ಲಿ ಟೇಲರ್‌ಗೆ ಹಣ ಕೊಟ್ಟ ಕಾರಣಕ್ಕೆ ಅಧಿಕಾರದಲ್ಲಿದ್ದ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರನ್ನೂ ಸೇರಿಸಿ ಹಲವರಿಗೆ 30 ವರ್ಷ ಸರ್ಕಾರಿ ಹುದ್ದೆ ಕೊಡಬಾರದು ಅಂದಿತು. ಆಫ್ರಿಕಾದಲ್ಲಿ ಚುನಾವಣೆ ಗೆದ್ದು ಅಧ್ಯಕ್ಷೆಯಾದ ಮೊದಲ ಮಹಿಳೆ ಅವರು. 2011ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂದಿತು. ಅದೇ ವರ್ಷ ಅವರೂ ಬೋವಿ ಜೊತೆ ನೊಬೆಲ್ ಹಂಚಿಕೊಂಡರು, ಮತ್ತೆ ಚುನಾವಣೆ ಗೆದ್ದರು. ವರದಿ ಕಪಾಟು ಸೇರಿತು.

ಮತ್ತೆ ಪ್ರಿನ್ಸ್ ಜಾನ್ಸನ್? 2005ರ ಚುನಾವಣೆಯಲ್ಲಿ ಗೆದ್ದು ನಿಂಬಾದ ಸೆನೆಟರ್ ಆದ. ಧರ್ಮಬೋಧಕನೂ ಆದ. 2024ರ ನವೆಂಬರ್‌ನಲ್ಲಿ ಸಾಯುವ ತನಕ ಸೆನೆಟರ್ ಆಗಿಯೇ ಇದ್ದ. ನಿಂಬಾ ಮತದಾರರು ತುಂಬ ಇರುವ ಜಿಲ್ಲೆ. ಅಧ್ಯಕ್ಷರಾಗಲು ಹೊರಟವರೆಲ್ಲ ಅವನ ಬೆಂಬಲಕ್ಕೆ ಕಾಯಬೇಕಿತ್ತು. 2011ರಲ್ಲಿ ಸರ್ಲೀಫ್ ಅವರಿಗೆ, 2017ರಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವೆಯಾಗೆ, 2023ರಲ್ಲಿ ಬೊವಾಕೈಗೆ, ಹೀಗೆ ಸರದಿಯಂತೆ ಬೆಂಬಲ ಕೊಟ್ಟ. ಮೂವರೂ ಗೆದ್ದರು. ಈಗಿನ ಉಪಾಧ್ಯಕ್ಷ ಜೆರೆಮಿಯಾ ಕೋಂಗ್ ಅವನ ಗರಡಿಯವರೇ.

ಇಷ್ಟಾದರೂ ಪ್ರಜಾಪ್ರಭುತ್ವ ಉಳಿದಿದೆ ಅನ್ನುವುದು ಈ ಕಥೆಯ ವಿಚಿತ್ರ. 2017ರ ಚುನಾವಣೆ ನಂತರ, ಚುನಾಯಿತ ಅಧ್ಯಕ್ಷರೊಬ್ಬರು ಇನ್ನೊಬ್ಬ ಚುನಾಯಿತರಿಗೆ ಶಾಂತಿಯಿಂದ ಅಧಿಕಾರ ಬಿಟ್ಟುಕೊಟ್ಟದ್ದು 1944ರ ನಂತರ ಮೊದಲ ಸಲ. 2023ರಲ್ಲಿ ವೆಯಾ ಶೇ. 49.36 ಮತ ಪಡೆದು ಕೂದಲೆಳೆಯಲ್ಲಿ ಸೋತರು. ಎಣಿಕೆ ಪೂರ್ತಿ ಮುಗಿಯುವ ಮುಂಚೆಯೇ ರೇಡಿಯೋದಲ್ಲಿ ಸೋಲು ಒಪ್ಪಿಕೊಂಡರು. ಪಶ್ಚಿಮ ಆಫ್ರಿಕಾದಲ್ಲಿ ಮಾಲಿ, ಬುರ್ಕಿನಾ ಫಾಸೋ, ನೈಜರ್, ಗಿನಿ ಸಾಲಾಗಿ ಸೇನೆಯ ಕೈಗೆ ಹೋಗುತ್ತಿದ್ದ ಕಾಲದಲ್ಲಿ ಇದು ನಡೆಯಿತು.

ಬಂದೂಕು ಕೆಳಗಿಟ್ಟ ಹುಡುಗರು

ಹಾಗಾದರೆ ಶಾಂತಿ ಉಳಿಸಿದ್ದು ಯಾರು? ಮೇಲಿನವರ ಹೊಂದಾಣಿಕೆಯೇ ಅನ್ನುವುದು ಸಾಮಾನ್ಯ ಉತ್ತರ. ಅದು ಅರ್ಧ ಉತ್ತರ ಮಾತ್ರ ಅಂತ ನನಗೆ ಅನ್ನಿಸುತ್ತದೆ. ಉಳಿದ ಅರ್ಧ ಕೆಳಗಿದೆ.

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 15,000 ಸೈನಿಕರ ಬಲದೊಂದಿಗೆ ಬಂತು. ಆಯುಧ ಒಪ್ಪಿಸಿದವರಿಗೆ ಎರಡು ಕಂತಿನಲ್ಲಿ 300 ಡಾಲರ್ ಅಂತ ಸಾರಿತು. ಸುಮಾರು 38,000 ಹೋರಾಟಗಾರರು ಇರಬಹುದು ಅಂತ ಲೆಕ್ಕ ಹಾಕಿದ್ದರು. 2003ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರೆ ಜನ ಮುಗಿಬಿದ್ದರು. ದುಡ್ಡು ಇವತ್ತೇ ಕೊಡಿ ಅಂತ ಗಲಾಟೆ ಎದ್ದಿತು, ಗುಂಡು ಹಾರಿತು, ಸಾವುಗಳಾದವು. ಕೆಲಸ ನಿಲ್ಲಿಸಿ ತಿಂಗಳುಗಟ್ಟಲೆ ಬಿಟ್ಟು ಮತ್ತೆ ಶುರು ಮಾಡಬೇಕಾಯಿತು. ಕೊನೆಗೆ ಹೆಸರು ಬರೆಸಿದವರು ಒಂದು ಲಕ್ಷ ಮೀರಿದರು. ಸಿಕ್ಕಿದ ಬಂದೂಕು ಮಾತ್ರ ಸುಮಾರು 28,000. ಕಮಾಂಡರುಗಳು ಗುಂಡಿನ ಪೊಟ್ಟಣಗಳನ್ನು ಹಂಚಿ, ಎಂದೂ ಯುದ್ಧ ಮಾಡದವರನ್ನೂ ಸಾಲಿನಲ್ಲಿ ನಿಲ್ಲಿಸಿ, ಬಂದ ದುಡ್ಡಿನಲ್ಲಿ ಪಾಲು ತೆಗೆದುಕೊಂಡರು. ನಮಗೆ ಇದು ಹೊಸದೇನಲ್ಲ, ಅಲ್ವಾ? ಫಲಾನುಭವಿಗಳ ಪಟ್ಟಿ ಇದ್ದಲ್ಲಿ ಮಧ್ಯವರ್ತಿಯೂ ಇರುತ್ತಾನೆ.

ದುಡ್ಡು ಖರ್ಚಾಯಿತು, ಮರಗೆಲಸ, ಹೊಲಿಗೆ ಅಂತ ತರಬೇತಿಯೂ ಮುಗಿಯಿತು. ಆಮೇಲೆ ಆ ಹುಡುಗರು ಏನಾದರು? ಕೆಲವರು ಗುಂಪು ಕಟ್ಟಿಕೊಂಡು ರಬ್ಬರ್ ತೋಟಗಳನ್ನೇ ಹಿಡಿದು ಕೂತರು. ಗತ್ರಿ ಅನ್ನುವ ದೊಡ್ಡ ತೋಟ 2006ರ ತನಕ ಮಾಜಿ ಬಂಡುಕೋರರ ಕೈಯಲ್ಲೇ ಇತ್ತು. ತುಂಬ ಜನ ಬೈಕ್ ಟ್ಯಾಕ್ಸಿ ಓಡಿಸತೊಡಗಿದರು. ಅದಕ್ಕೆ ಅಲ್ಲಿ 'ಪೆನ್-ಪೆನ್' ಅನ್ನುತ್ತಾರೆ. ಅವರದ್ದೇ ಸಂಘಗಳಿವೆ. ಒಬ್ಬನಿಗೆ ಅಪಘಾತವಾದರೆ ಹತ್ತು ನಿಮಿಷದಲ್ಲಿ ಐವತ್ತು ಬೈಕ್ ಸೇರುತ್ತವೆ. ಹಳೆಯ ಕಮಾಂಡರ್ ಮತ್ತು ಹುಡುಗರ ನಂಟು ಈ ಸಂಘಗಳಲ್ಲಿ ಉಳಿದಿದೆ ಅಂತ ಕೆಲವು ಸಂಶೋಧಕರು ಆತಂಕ ಪಟ್ಟರು. ಅದೇ ನಂಟು ಅವರನ್ನು ಸಾಕುತ್ತಿದೆ ಅಂದರು ಇನ್ನು ಕೆಲವರು. ಎರಡೂ ನಿಜ ಇರಬಹುದು. ಯಾವುದಕ್ಕೂ ಸೇರದೆ ಸ್ಮಶಾನಗಳಲ್ಲಿ, ಪಾಳುಬಿದ್ದ ಕಟ್ಟಡಗಳಲ್ಲಿ ಮಲಗಿ, ಕಿಸೆಗಳ್ಳತನ ಮಾಡುತ್ತಾ ಉಳಿದವರನ್ನು ಜನ 'ಝೋಗೋ' ಅಂತ ಕರೆಯುತ್ತಾರೆ. ಯುದ್ಧ ನೋಡಿಯೇ ಇಲ್ಲದ ಹೊಸ ಪೀಳಿಗೆಯೂ ಈಗ ಆ ಸಾಲಿಗೆ ಸೇರಿದೆ. 2024ರಲ್ಲಿ ಬೊವಾಕೈ ಅಧಿಕಾರಕ್ಕೆ ಬಂದ ತಿಂಗಳೇ ಮಾದಕ ವಸ್ತುಗಳ ಹಾವಳಿಯನ್ನು ತುರ್ತು ಪರಿಸ್ಥಿತಿ ಅಂತ ಘೋಷಿಸಿದರು.

ಈ ಝೋಗೋಗಳ ನಡುವೆ ನಡೆದ ಒಂದು ಪ್ರಯೋಗ ಸ್ವಲ್ಪ ವಿವರವಾಗಿ ನೋಡುವಂಥದ್ದು. ಜಾನ್ಸನ್ ಬೋರ್ ಅನ್ನುವ ಲೈಬೀರಿಯನ್ನರೊಬ್ಬರು ತಮ್ಮ ಪುಟ್ಟ ಸಂಸ್ಥೆಯಲ್ಲಿ ಇಂಥ ಹುಡುಗರಿಗಾಗಿ ಒಂದು ತರಬೇತಿ ರೂಪಿಸಿದ್ದರು. ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಜೊತೆಯ ಅರ್ಥಶಾಸ್ತ್ರಜ್ಞರು ಅದನ್ನು ಅಳೆಯಲು ಕೂತರು. ಮನ್ರೋವಿಯಾದ ಕಳ್ಳತನ, ಡ್ರಗ್ಸ್ ಮಾರಾಟದಲ್ಲಿದ್ದ 999 ಗಂಡಸರನ್ನು ಆರಿಸಿದರು. ಲಾಟರಿ ಎತ್ತಿ ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಎಂಟು ವಾರದ ತರಬೇತಿ. ಒಂದು ಪಾಲಿಗೆ ಬರೀ 200 ಡಾಲರ್ ನಗದು. ಒಂದಕ್ಕೆ ಎರಡೂ. ಒಂದಕ್ಕೆ ಏನೂ ಇಲ್ಲ.

ತರಬೇತಿ ಅಂದರೆ ಏನು? ಇಪ್ಪತ್ತು ಜನ ಕೂರುತ್ತಾರೆ. ಹೇಳಿಕೊಡುವವರಲ್ಲಿ ಹಲವರು ಒಂದು ಕಾಲಕ್ಕೆ ಅದೇ ಬೀದಿಯಲ್ಲಿದ್ದು ಬದಲಾದವರು. ಸಿಟ್ಟು ಬಂದಾಗ ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ. ಮನೆಕೆಲಸವೂ ಇರುತ್ತದೆ: ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಬ್ಯಾಂಕಿಗೋ ಸೂಪರ್ ಮಾರ್ಕೆಟಿಗೋ ಹೋಗಿ ಬಾ. ಎಲ್ಲಿ ಹೋದರೂ ಒದೆಸಿಕೊಳ್ಳುವುದೇ ರೂಢಿಯಾದವನಿಗೆ, ಗಾರ್ಡು ಬಾಗಿಲು ತೆಗೆದು ಒಳಗೆ ಬಿಡುವುದೇ ದೊಡ್ಡ ಪಾಠ. ಬೇರೆ ಮನುಷ್ಯನಾಗಿ ನಡೆದುಕೊಂಡರೆ ಜನವೂ ಬೇರೆಯಾಗಿ ನೋಡುತ್ತಾರೆ ಅನ್ನುವುದು ಮಾತಿನಿಂದಲ್ಲ, ಅನುಭವದಿಂದ ತಲೆಗೆ ಹೋಗುತ್ತದೆ.

ಫಲಿತಾಂಶ ಸ್ವಾರಸ್ಯವಾಗಿದೆ. ನಗದು ಮಾತ್ರ ಪಡೆದವರು ಅದನ್ನು ಕುಡಿದು ಹಾಳು ಮಾಡಲಿಲ್ಲ, ಸಣ್ಣಪುಟ್ಟ ವ್ಯಾಪಾರಕ್ಕೆ ಹಾಕಿದರು. ಆದರೆ ಅವರಿರುವ ಬೀದಿಯಲ್ಲಿ ಕಳ್ಳತನ ಜಾಸ್ತಿ, ವ್ಯಾಪಾರ ಉಳಿಯಲಿಲ್ಲ. ತರಬೇತಿ ಮಾತ್ರ ಪಡೆದವರ ಸುಧಾರಣೆ ವರ್ಷದಲ್ಲಿ ಮಾಸಿತು. ಎರಡೂ ಪಡೆದವರಲ್ಲಿ ಬದಲಾವಣೆ ನಿಂತಿತು. ಸಂಶೋಧಕರು ಹತ್ತು ವರ್ಷದ ಮೇಲೆ ಮತ್ತೆ ಹುಡುಕಿಕೊಂಡು ಹೋದಾಗಲೂ ಆ ಗುಂಪಿನಲ್ಲಿ ಕಳ್ಳತನ, ಹೊಡೆದಾಟದಂಥವು ಉಳಿದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ ಇದ್ದವು. ತಲೆಗೆ ಬಿದ್ದ ಖರ್ಚು 530 ಡಾಲರ್ ಆಸುಪಾಸು. ದುಡ್ಡು ಇದ್ದದ್ದರಿಂದ ಹೊಸ ವೇಷವನ್ನು ಇನ್ನಷ್ಟು ತಿಂಗಳು ಅಭ್ಯಾಸ ಮಾಡಲು ಆಯಿತು, ಅಷ್ಟರಲ್ಲಿ ವೇಷವೇ ಮೈಗೂಡಿತು ಅನ್ನುವುದು ಅವರ ಊಹೆ.

ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಅಧ್ಯಯನ. ಹಳ್ಳಿಗಾಡಿನಲ್ಲಿ ಅಕ್ರಮ ಗಣಿ, ರಬ್ಬರ್ ಕದಿಯುವುದು ಇತ್ಯಾದಿಗಳಲ್ಲಿದ್ದ ಮಾಜಿ ಹೋರಾಟಗಾರರಿಗೆ ಒಂದು ಸಂಸ್ಥೆ ಕೃಷಿ ತರಬೇತಿ ಕೊಟ್ಟು, ಬೀಜ, ಸಲಕರಣೆ, ಕೋಳಿಮರಿಗಳಂಥದ್ದನ್ನು ಕಂತಿನಲ್ಲಿ ಕೊಡುತ್ತಿತ್ತು. ಅಷ್ಟರಲ್ಲಿ 2010ರ ಕೊನೆಗೆ ಪಕ್ಕದ ಐವರಿ ಕೋಸ್ಟ್‌ನಲ್ಲಿ ಯುದ್ಧ ಹತ್ತಿಕೊಂಡಿತು. ಕೂಲಿ ಸೈನಿಕರು ಬೇಕಾಗಿದ್ದರು. ಹಳೆಯ ಕಮಾಂಡರುಗಳು ಗಡಿಯ ಹಳ್ಳಿಗಳಲ್ಲಿ ಹುಡುಗರನ್ನು ಕರೆಯಲು ಬಂದರು. ತರಬೇತಿ ಪಡೆದವರು ಅತ್ತ ಕಡಿಮೆ ಒಲಿದರು. ಅದರಲ್ಲೂ ಸರಬರಾಜು ತಡವಾಗಿ ಮುಂದಿನ ಕಂತು ಇನ್ನೂ ಬರಬೇಕಿದ್ದವರು ಎಲ್ಲರಿಗಿಂತ ದೂರ ಉಳಿದರು. ದೇಶಪ್ರೇಮವಲ್ಲ, ಪಶ್ಚಾತ್ತಾಪವೂ ಅಲ್ಲ. ಬರಬೇಕಾದದ್ದು ಬಾಕಿ ಇದೆ, ಈಗ ಹೋದರೆ ಅದು ತಪ್ಪುತ್ತದೆ, ಅಷ್ಟೆ.

ಕೋರ್ಟ್ ಬಂದರೆ ಯುದ್ಧ ಬರುತ್ತದೆ ಅನ್ನುವ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅರವತ್ತು ದಾಟಿದ ಕಮಾಂಡರ್ ಒಬ್ಬನೇ ಬಂದೂಕು ಹಿಡಿದು ಕಾಡಿಗೆ ಹೋಗುವುದಿಲ್ಲ. ಅವನು ಕರೆದಾಗ ಹುಡುಗರು ಬರಬೇಕು. ಬರುತ್ತಾರೋ ಇಲ್ಲವೋ ಅನ್ನುವುದು ಅವನ ಮೇಲೆ ಕೇಸು ಬಿದ್ದಿದೆಯೋ ಇಲ್ಲವೋ ಅನ್ನುವುದಕ್ಕಿಂತ, ಆ ಹುಡುಗರಿಗೆ ಕಳೆದುಕೊಳ್ಳಲು ಏನಾದರೂ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಇಪ್ಪತ್ತು ವರ್ಷ ನ್ಯಾಯವನ್ನು ಮುಂದೂಡಿದವರು ಅದರ ಹೆಸರಿನಲ್ಲಿ ಹುಡುಗರಿಗೆ ಏನಾದರೂ ಕೊಟ್ಟರೇ? ಕೊಟ್ಟದ್ದು ತೀರ ಕಡಿಮೆ. ನನಗೆ ಸಿಟ್ಟು ಬರುವುದು ಅಲ್ಲಿ.

ಭೂಮಿ, ಮತ್ತೆ ನಂಬಿಕೆ

ಮತ್ತೆ ಜಗಳ ಹತ್ತುವುದಿದ್ದರೆ ಅದು ಕೋರ್ಟಿನ ಬಾಗಿಲಲ್ಲಿ ಅಲ್ಲ, ಜಮೀನಿನ ಬೇಲಿಯಲ್ಲಿ ಹತ್ತುತ್ತದೆ ಅನ್ನುವವರಿದ್ದಾರೆ. ನಿಂಬಾದ ಗಾಂಟಾ ಪಟ್ಟಣವನ್ನೇ ತೆಗೆದುಕೊಳ್ಳಿ. 1990ರಲ್ಲಿ ಅಲ್ಲಿಂದ ಮಂಡಿಂಗೋ ಜನ ಜೀವ ಉಳಿಸಿಕೊಂಡು ಗಿನಿಗೆ ಓಡಿದರು. ಮುಸ್ಲಿಂ ವ್ಯಾಪಾರಿಗಳು, ಡೋಗೆ ಹತ್ತಿರದವರು ಅನ್ನುವ ಸಿಟ್ಟು ಅವರ ಮೇಲಿತ್ತು. ವರ್ಷಗಳ ಮೇಲೆ ವಾಪಸ್ ಬಂದರೆ ಅವರ ಮನೆ, ಅಂಗಡಿಗಳಲ್ಲಿ ಗಿಯೋ, ಮಾನೋ ಜನ ಇದ್ದರು. ಕೆಲವು ಕಡೆ ಹೊಸ ಕಟ್ಟಡವೇ ಎದ್ದಿತ್ತು. ಪತ್ರ ಇವರ ಕೈಯಲ್ಲಿ, ಸ್ವಾಧೀನ ಅವರ ಕೈಯಲ್ಲಿ. ಸರ್ಕಾರ ಸಮಿತಿ ಮಾಡಿತು, ಕೆಲವರಿಗೆ ಪರಿಹಾರ ಸಿಕ್ಕಿತು, ಕೆಲವರಿಗೆ ಇಲ್ಲ.

ಲೈಬೀರಿಯಾದ ಹಳ್ಳಿಗಳಲ್ಲಿ ಇಂಥದ್ದನ್ನು ಕೂತು ಮಾತಾಡುವ ಜಾಗ ಪಲಾವ ಗುಡಿಸಲು. ಸುತ್ತ ಗೋಡೆಯಿಲ್ಲದ, ಮೇಲೆ ಸೂರಿರುವ ಕಟ್ಟೆ. ನಮ್ಮ ಅರಳಿಕಟ್ಟೆ ಪಂಚಾಯಿತಿಯಂತೆಯೇ ಹಿರಿಯರದ್ದೇ ಕೊನೆಯ ಮಾತು, ಹುಡುಗರೂ ಹೆಂಗಸರೂ ಸಾಮಾನ್ಯವಾಗಿ ಹಿಂದೆ. ಯುದ್ಧಕ್ಕೆ ಹುಡುಗರು ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ಹಿರಿಯರ ಈ ದರ್ಬಾರೂ ಒಂದು ಕಾರಣ ಅಂತ ಹೇಳುವ ವಿದ್ವಾಂಸರಿದ್ದಾರೆ. ಲೋಫಾ, ನಿಂಬಾ, ಗ್ರಾಂಡ್ ಗೆಡೆ ಜಿಲ್ಲೆಗಳ 246 ಊರುಗಳ ಪೈಕಿ ಲಾಟರಿಯಲ್ಲಿ ಬಂದ 86 ಊರುಗಳಲ್ಲಿ ಜಗಳ ಬಗೆಹರಿಸುವ ಬಗೆಯನ್ನು ಹಿರಿಯರಿಗೆ ಮಾತ್ರವಲ್ಲ, ಸಾಮಾನ್ಯ ಜನರಿಗೂ ತಿಂಗಳುಗಟ್ಟಲೆ ಕಲಿಸಿದರು. ಭೂಮಿ ವ್ಯಾಜ್ಯಗಳು ಹೆಚ್ಚು ಬಗೆಹರಿದವು, ಹೊಡೆದಾಟ ಕಡಿಮೆಯಾಯಿತು. ಆದರೆ ಇನ್ನೊಂದೂ ಆಯಿತು. ಹುಡುಗರು ಹಿರಿಯರ ಜೊತೆ ಜಾಸ್ತಿ ವಾದಕ್ಕೆ ಇಳಿದರು, ಊರೇ ಕಾನೂನು ಕೈಗೆತ್ತಿಕೊಂಡು ಶಿಕ್ಷೆ ಕೊಡುವುದೂ ಹೆಚ್ಚಿತು. ಬಾಯಿ ಬಂದವನು ಸುಮ್ಮನಿರುತ್ತಾನೆಯೇ? 2018ರ ಭೂ ಹಕ್ಕು ಕಾಯ್ದೆ ಊರಿನವರು ಪರಂಪರೆಯಿಂದ ಬಳಸುತ್ತಾ ಬಂದ ಜಮೀನು ಊರಿನದ್ದೇ ಅಂತ ಒಪ್ಪಿದೆ. ಕಾಗದದ ಮೇಲೆ ಒಳ್ಳೆಯ ಕಾನೂನು. ಎಲ್ಲೆ ಗುರುತಿಸುವ ಕೆಲಸ ಆಮೆ ನಡಿಗೆಯಲ್ಲಿದೆ.

ಸರ್ಕಾರದ ಮೇಲಿನ ಅಪನಂಬಿಕೆಯ ಬೆಲೆ ಎಷ್ಟು ಅಂತ 2014ರ ಎಬೋಲಾ ತೋರಿಸಿತು. ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಸೈನಿಕರು ತಂತಿ ಬೇಲಿ ಹಾಕಿ ಮುಚ್ಚಿದರು. ಜನ ಕಲ್ಲು ಎಸೆದರು, ಸೈನಿಕರು ಗುಂಡು ಹಾರಿಸಿದರು, ಹದಿಹರೆಯದ ಹುಡುಗನೊಬ್ಬ ಸತ್ತ. ಆ ರೋಗ ಒಟ್ಟು 4,800ಕ್ಕೂ ಹೆಚ್ಚು ಲೈಬೀರಿಯನ್ನರನ್ನು ಬಲಿ ತೆಗೆದುಕೊಂಡಿತು. ಸರ್ಕಾರವನ್ನು ನಂಬದವರು ಸೋಪು, ಕ್ಲೋರಿನ್‌ನಂಥ ಮುನ್ನೆಚ್ಚರಿಕೆಗಳನ್ನೂ ಕಡಿಮೆ ಪಾಲಿಸಿದರು ಅಂತ ಆಗಲೇ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ ಹೇಳಿತು. ರೋಗದ ಅರಿವು ಇಲ್ಲದ್ದು ಕಾರಣವಲ್ಲ, ಹೇಳುವವನ ಮೇಲೆ ನಂಬಿಕೆ ಇಲ್ಲದ್ದು ಕಾರಣ.

ಇಲ್ಲಿ ಭಾರತದ ಒಂದು ಪಾಲೂ ಇದೆ. 2007ರಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಮಹಿಳೆಯರ ತಂಡ ಮನ್ರೋವಿಯಾಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಪೂರ್ತಿ ಮಹಿಳೆಯರದ್ದೇ ಆದ ಮೊದಲ ಪೊಲೀಸ್ ತುಕಡಿ ಅದು. 2016ರ ತನಕ ಒಂದಾದ ಮೇಲೆ ಒಂದು ತಂಡ ಹೋಗಿ ಬಂತು. ಅಧ್ಯಕ್ಷರ ಕಚೇರಿಗೆ ಕಾವಲು, ರಾತ್ರಿ ಗಸ್ತು ಅವರ ಕೆಲಸ. ಅವರು ಹೊರಡುವ ಹೊತ್ತಿಗೆ ಲೈಬೀರಿಯಾದ ಭದ್ರತಾ ಪಡೆಗಳಲ್ಲಿ ಮಹಿಳೆಯರ ಪಾಲು ಶೇ. 6ರಿಂದ 17ಕ್ಕೆ ಏರಿತ್ತು ಅಂತ ವಿಶ್ವಸಂಸ್ಥೆ ಹೇಳಿಕೊಂಡಿತು. ಅಷ್ಟೂ ಈ ತಂಡದಿಂದಲೇ ಆಯಿತು ಅನ್ನಲು ಬರುವುದಿಲ್ಲ, ಮಹಿಳೆಯರನ್ನು ಸೇರಿಸಿಕೊಳ್ಳಲು ಅಲ್ಲಿಯ ಸರ್ಕಾರವೇ ಯೋಜನೆ ಹಾಕಿತ್ತು. ಹಾಗಿದ್ದರೂ ಅತ್ಯಾಚಾರ ಯುದ್ಧದ ಆಯುಧವಾಗಿದ್ದ ಊರಿನಲ್ಲಿ ಬಂದೂಕು ಹಿಡಿದ ಹೆಣ್ಣೊಬ್ಬಳು ಕಾಯುವವಳಾಗಿ ಕಂಡಳಲ್ಲ, ಅದನ್ನು ಕಡಿಮೆ ಅನ್ನಲಾರೆ.

ಕೋರ್ಟ್ ಬಂದರೆ

ಇಷ್ಟು ವರ್ಷ ಲೈಬೀರಿಯಾದ ಯುದ್ಧಾಪರಾಧಗಳಿಗೆ ಶಿಕ್ಷೆಯಾದದ್ದೆಲ್ಲ ಹೊರದೇಶಗಳಲ್ಲಿ. ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲಾಯಿತು. ಆದರೆ ಅದು ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ ನೆರವಾದದ್ದಕ್ಕೆ. ತನ್ನ ದೇಶದಲ್ಲಿ ಮಾಡಿದ್ದಕ್ಕೆ ಅವನ ಮೇಲೆ ಒಂದು ಕೇಸೂ ನಡೆದಿಲ್ಲ. ಅವನ ಮಗನಿಗೆ ಚಿತ್ರಹಿಂಸೆಗಾಗಿ ಅಮೆರಿಕದಲ್ಲಿ 97 ವರ್ಷ ಶಿಕ್ಷೆಯಾಯಿತು. ಸ್ವಿಟ್ಜರ್ಲೆಂಡ್ 2021ರಲ್ಲಿ ಒಬ್ಬ ಕಮಾಂಡರ್‌ಗೆ 20 ವರ್ಷ ಕೊಟ್ಟಿತು. ಫ್ರಾನ್ಸ್ ಇನ್ನೊಬ್ಬನನ್ನು ಅಪರಾಧಿ ಅಂದಿತು. ಅಂದರೆ ದೇಶ ಬಿಟ್ಟು ಹೋದವನು ಸಿಕ್ಕಿಬೀಳುತ್ತಾನೆ, ಊರಲ್ಲೇ ಇದ್ದವನು ಆರಾಮ.

2024ರ ಏಪ್ರಿಲ್‌ನಲ್ಲಿ ಸೆನೆಟ್ ಯುದ್ಧ ಮತ್ತು ಆರ್ಥಿಕ ಅಪರಾಧಗಳ ಕೋರ್ಟಿಗೆ ಒಪ್ಪಿಗೆ ಕೊಟ್ಟಿತು. ಸಹಿ ಹಾಕಿದವರಲ್ಲಿ ಪ್ರಿನ್ಸ್ ಜಾನ್ಸನ್ ಕೂಡ ಇದ್ದ. ಮೇ 2ರಂದು ಬೊವಾಕೈ ಅದಕ್ಕೆ ತಯಾರಿ ನಡೆಸುವ ಕಚೇರಿ ತೆರೆಯುವ ಆದೇಶಕ್ಕೆ ಸಹಿ ಹಾಕಿದರು. ದೇಶದಲ್ಲಿ ಯುದ್ಧ ಹತ್ತಲಿಲ್ಲ, ದಂಗೆ ಏಳಲಿಲ್ಲ. ಕಚೇರಿ ತೆರೆಯುವುದು ಬೇರೆ, ಕೋರ್ಟ್ ನಡೆಸುವುದು ಬೇರೆ ಅಂತ ನೀವು ಅನ್ನಬಹುದು. ಒಪ್ಪುತ್ತೇನೆ. ಫಿನ್ಲೆಂಡಿನ ಕೋರ್ಟೊಂದು 2021ರಲ್ಲಿ ಒಂದು ಕೇಸಿನ ಸಾಕ್ಷಿ ಕೇಳಲು ಮನ್ರೋವಿಯಾಕ್ಕೇ ಬಂದು ಕೂತಿತ್ತು, ಆಗಲೂ ಏನೂ ಆಗಲಿಲ್ಲ. ಆ ಆರೋಪಿ ಖುಲಾಸೆಯಾದ. ಇಷ್ಟು ತಡವಾದರೆ ನೆನಪು, ದಿನಾಂಕ, ಮುಖಗಳು ಕಲಸಿಹೋಗುತ್ತವೆ ಅನ್ನುವುದಕ್ಕೆ ಆ ಕೇಸೇ ಉದಾಹರಣೆ.

ಕೋರ್ಟಿನ ಪರ ಇರುವವರೂ ಒಂದು ವಿಷಯ ಕೇಳಿಸಿಕೊಳ್ಳಬೇಕು. ಸತ್ಯ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುವುದು ಎಲ್ಲ ಇಂಥ ಆಯೋಗಗಳ ನಂಬಿಕೆ. ಸಿಯೆರಾ ಲಿಯೋನ್‌ನ 280 ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಅರ್ಧದಷ್ಟು ಹಳ್ಳಿಗಳಲ್ಲಿ ರಾತ್ರಿ ಬೆಂಕಿ ಹಾಕಿ, ಸುತ್ತ ಊರು ಕೂತು, ನೊಂದವರು ತಮಗಾದದ್ದನ್ನು ಹೇಳಿದರು, ಮಾಡಿದವರು ಕ್ಷಮೆ ಕೇಳಿದರು. ಊರಿಗೆ ಒಳ್ಳೆಯದಾಯಿತು. ಜನ ಹೆಚ್ಚು ಬೆರೆತರು, ಶಾಲೆ, ಆಸ್ಪತ್ರೆಗೆ ಹೆಚ್ಚು ದೇಣಿಗೆ ಕೊಟ್ಟರು, ಹೆಚ್ಚು ಕ್ಷಮಿಸಿದರು. ಆದರೆ ಅದೇ ಊರುಗಳಲ್ಲಿ ಜನರ ಖಿನ್ನತೆ, ಆತಂಕ, ಹಳೆಯ ಆಘಾತದ ಲಕ್ಷಣಗಳು ಹೆಚ್ಚಿದವು. ಸುಮಾರು ಎರಡೂವರೆ ವರ್ಷ ಕಳೆದರೂ ಇಳಿದಿರಲಿಲ್ಲ. ಊರು ವಾಸಿಯಾಯಿತು, ಮನುಷ್ಯ ಆಗಲಿಲ್ಲ. ಹಾಗಾಗಿ ಲೈಬೀರಿಯಾದಲ್ಲಿ ಸಾಕ್ಷಿ ಕಟ್ಟೆಗೆ ಕರೆಯುವ ಪ್ರತಿಯೊಬ್ಬರಿಗೂ ಆಮೇಲಿನ ವರ್ಷಗಳ ಆರೈಕೆಯ ದುಡ್ಡು ಮೊದಲೇ ತೆಗೆದಿಡಬೇಕು. ಬಜೆಟ್ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ.

ದುಡ್ಡು ಎಲ್ಲಿಂದ ಅನ್ನುವುದಕ್ಕೆ ಸುಲಭದ ಉತ್ತರ ಇಲ್ಲ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ಕತ್ತರಿ ಹಾಕಿದಾಗ, ಆದಾಯದ ಲೆಕ್ಕದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ದೇಶಗಳಲ್ಲಿ ಲೈಬೀರಿಯಾ ಒಂದು. ಕೋರ್ಟಿಗೆ ಕಾನೂನು ಬೇಕು, ನ್ಯಾಯಾಧೀಶರು ಬೇಕು, ಸಾಕ್ಷಿಗಳಿಗೆ ರಕ್ಷಣೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬದುಕಿರುವ ಆರೋಪಿಗಳೂ ಸಾಕ್ಷಿಗಳೂ ಬೇಕು. ಜಾನ್ಸನ್ ಒಂದು ದಿನವೂ ಕಟಕಟೆ ಹತ್ತದೆ ಸತ್ತ.

ಲುಥರನ್ ಚರ್ಚ್‌ನಲ್ಲಿ ಬದುಕುಳಿದವರ ಪೈಕಿ ನಾಲ್ವರು, ಆ ರಾತ್ರಿ ಸೈನಿಕರನ್ನು ಕರೆತಂದ ಕಮಾಂಡರ್ ಅಮೆರಿಕದಲ್ಲಿದ್ದಾನೆ ಅಂತ ತಿಳಿದು ಫಿಲಡೆಲ್ಫಿಯಾದ ಫೆಡರಲ್ ಕೋರ್ಟಿಗೆ ಹೋಗಿದ್ದರು. 2021ರಲ್ಲಿ ಕೋರ್ಟ್ ಅವನೇ ಹೊಣೆ ಅಂದಿತು. 2022ರಲ್ಲಿ 8.4 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಕೇಸು ನಡೆಯುತ್ತಿರುವಾಗಲೇ ಅವನು ಲೈಬೀರಿಯಾಕ್ಕೆ ವಾಪಸ್ ಹೋಗಿಬಿಟ್ಟಿದ್ದ. ಅವನ ಹೆಸರಿನ ಕಡತ ಮೊದಲು ತೆಗೆಯುತ್ತಾರೋ ಇಲ್ಲವೋ ಅನ್ನುವುದು ಈಗ ಮನ್ರೋವಿಯಾಕ್ಕೆ ಬಿಟ್ಟ ವಿಷಯ.